ಬೊಲೆರೋ ಕಂಪನಿಯ ಕರೆಂಟಿನ ಗಾಡಿ ನಮ್ಮ ಕಡಿ ನಡೀತದೇನು?

ಪ್ರಶ್ನೆ: ನಮ್ಮ ಕಡಿ ಗಾಡಿ ಅಂದ್ರ ಬೊಲೆರೋ, ಇಲ್ಲಾ ಕ್ರೂಸರ್. ಆ ಬೊಲೆರೋ ಮಾಡೋ ಮಹೀಂದ್ರ ಕಂಪನಿನೇ ಈಗ ಕರೆಂಟಿನ ಕಾರಿಗೆ ಹೊಂಟಾದ ಅಂತಾರ. ಡೀಸೆಲ್ ಮ್ಯಾಲೆ ಬೆಳದ ಕಂಪನಿಗೆ ಇದು ಯಾಕ ಬೇಕಾಯ್ತು? ಈ ಬಿಸಿಲಿನಾಗ ನಮಗ ಇದು ಉಪಯೋಗಕ್ಕ ಬರ್ತದೇನು?
– ಸೇಡಂನ ಓದುಗರೊಬ್ಬರು

ಉತ್ತರ: ಮಹೀಂದ್ರ ಈ ದಾರಿ ಹಿಡಿದದ್ದು ನಿನ್ನೆ ಮೊನ್ನೆಯಲ್ಲ. ಆ ದಾರಿ ಶುರುವಾದದ್ದೂ ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಕಂಪನಿಯೊಂದರ ಜತೆ ಸೇರಿ 1994ರಲ್ಲಿ ರೇವಾ ಸಂಸ್ಥೆ ಕಟ್ಟಿತು. ಚೇತನ್ ಮೈನಿ ಅದರ ಮುಂದಾಳು. 2001ರಲ್ಲಿ ಬಂದ ರೇವಾ ಕಾರಿಗೆ ಎರಡೇ ಬಾಗಿಲು. ಸೀಸ-ಆಮ್ಲದ ಬ್ಯಾಟರಿ ತುಂಬಿಸಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು, ನಗರದ ದಟ್ಟಣೆ ಶುಲ್ಕದಿಂದ ವಿನಾಯಿತಿಯನ್ನೂ ಪಡೆಯಿತು. ನಮ್ಮಲ್ಲಿ ಮಾತ್ರ ಅದನ್ನು ಕೊಂಡವರು ಕಡಿಮೆ. ಆ ಕಾಲಕ್ಕೆ ಅಂಥ ಕಾರು ಮಾಡಿದ ಧೈರ್ಯಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ ಎಂದೇ ನಾನು ತಿಳಿದಿದ್ದೇನೆ.

2010ರಲ್ಲಿ ಮಹೀಂದ್ರ ಆ ಸಂಸ್ಥೆಯ ಶೇ 55ರಷ್ಟು ಪಾಲು ಕೊಂಡಿತು. 1947ರಿಂದ ವಿಲ್ಲೀಸ್ ಜೀಪು ಜೋಡಿಸುತ್ತ ಬಂದ, 2000ದಲ್ಲಿ ಬೊಲೆರೋ, 2002ರಲ್ಲಿ ಸ್ಕಾರ್ಪಿಯೋ ಕೊಟ್ಟ ಕಂಪನಿಗೆ ಕರೆಂಟಿನ ಕಾರಿನ ವಿದ್ಯೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿದ್ದ ರೇವಾದಿಂದ ಬಂತು. 2013ರ ಇ2ಒ ಹೆಚ್ಚು ಮಾರಾಟವಾಗಲಿಲ್ಲ, ಇ-ವೆರಿಟೊ ಕೂಡ ಅಷ್ಟೆ. 2023ರಲ್ಲಿ ಎಕ್ಸ್‌ಯುವಿ400 ಮಾರುಕಟ್ಟೆಗೆ ಬಂತು. 2024ರ ನವೆಂಬರಿನಲ್ಲಿ ಬಿಇ 6 ಮತ್ತು ಎಕ್ಸ್‌ಇವಿ 9ಇ ಬಂದ ಮೇಲೆ ಜನ ತಿರುಗಿ ನೋಡಿದರು.

ಯಾಕೆ ಬೇಕಾಯಿತು ಎಂದಿರಿ. ಡೀಸೆಲ್ ಮೇಲಿನ ಬೇಸರ ಇದಕ್ಕೆ ಕಾರಣವಲ್ಲ. ಒಂದು ಕಂಪನಿ ವರ್ಷವಿಡೀ ಮಾರಿದ ಎಲ್ಲ ಕಾರುಗಳ ಹೊಗೆಯ ಸರಾಸರಿ ಲೆಕ್ಕ ಹಾಕುವ ನಿಯಮ ನಮ್ಮ ದೇಶದಲ್ಲಿದೆ. ಕಿಲೋಮೀಟರಿಗೆ ಸುಮಾರು 130 ಗ್ರಾಂ ಇದ್ದ ಇಂಗಾಲದ ಡೈಆಕ್ಸೈಡ್ ಮಿತಿ 2022–23ರಿಂದ ಸುಮಾರು 113 ಗ್ರಾಂಗೆ ಇಳಿಯಿತು. ಭಾರದ ಡೀಸೆಲ್ ಗಾಡಿಗಳನ್ನೇ ಹೆಚ್ಚು ಮಾರುವ ಕಂಪನಿಗೆ ಇದು ಬಿಗಿ ಹಗ್ಗ. ಕರೆಂಟಿನ ಕಾರು ಎಷ್ಟು ಮಾರಿದರೆ ಅಷ್ಟು ಸರಾಸರಿ ಇಳಿಯುತ್ತದೆ. ಸ್ಕಾರ್ಪಿಯೋ ಮಾರುತ್ತಲೇ ಇರಬೇಕು ಎಂದರೂ ಕರೆಂಟಿನ ಕಾರು ಬೇಕು. ಇದಕ್ಕೆ ಒಂದು ಬೆಲೆಯೂ ಇದೆ. ಡೀಸೆಲ್ ಎಂಜಿನ್ ಮಹೀಂದ್ರದ ಸ್ವಂತ ವಿದ್ಯೆ. ಹೊಸ ಕಾರಿನ ಅತಿ ದುಬಾರಿ ಭಾಗವಾದ ಬ್ಯಾಟರಿಯ ಸೆಲ್‌ಗಳು ಚೀನಾದ ಬಿವೈಡಿ ಕಂಪನಿಯವು. ಈ ಪರಾವಲಂಬನೆ ನನಗೆ ಚಿಂತೆಯ ವಿಷಯವಾಗಿಯೇ ಕಾಣುತ್ತದೆ.

ಇನ್ನು ನಮ್ಮ ಬಿಸಿಲು. ಕಾವು ಹೆಚ್ಚಿದಷ್ಟೂ ಬ್ಯಾಟರಿ ಬೇಗ ಮುದಿಯಾಗುತ್ತದೆ, ಇದು ನಿಜ. ಆದರೆ ಬಿಇ 6ರಲ್ಲಿ ಇರುವುದು ಕಬ್ಬಿಣ-ಫಾಸ್ಫೇಟ್ ಜಾತಿಯ ಲಿಥಿಯಂ ಬ್ಯಾಟರಿ. ಇದು ಲಿಥಿಯಂ ಬ್ಯಾಟರಿಗಳಲ್ಲಿ ಕಾವನ್ನು ಹೆಚ್ಚು ತಡೆಯುವ ಜಾತಿ. ದ್ರವ ಹರಿಸಿ ಅದನ್ನು ತಂಪಿಡುವ ಏರ್ಪಾಡೂ ಇದೆ. ಮೇ ತಿಂಗಳಲ್ಲಿ ಎ.ಸಿ. ಹಾಕಿಕೊಂಡು ಹೋದರೆ ಹೇಳಿದಷ್ಟು ದೂರ ಓಡದು, ಆದರೂ ಸೇಡಂನಿಂದ ಹೈದರಾಬಾದಿನ ಆಸ್ಪತ್ರೆಗೆ ಹೋಗಲು ಸಾಕಾಗುತ್ತದೆ. ಅಡ್ಡಿ ಇರುವುದು ಬೆಲೆಯಲ್ಲಿ. ಬಿಡುಗಡೆಯಾದಾಗಲೇ ಅದರ ಆರಂಭದ ಬೆಲೆ 18.90 ಲಕ್ಷ ರೂಪಾಯಿ. ತೊಗರಿ ಬೆಳೆಯುವವರ ಮನೆಗೆ, ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವವರ ಮನೆಗೆ ಅದು ಸದ್ಯಕ್ಕೆ ಬರುವ ಮಾತಲ್ಲ.

ನಮ್ಮ ತಾಲ್ಲೂಕುಗಳಿಗೆ ಕರೆಂಟಿನ ಗಾಡಿ ಮೊದಲು ಬರುವುದು ಟಂಟಂ ರೂಪದಲ್ಲಿ ಎಂದು ನನ್ನ ಗಟ್ಟಿ ನಂಬಿಕೆ. ಮಹೀಂದ್ರದ ಟ್ರಿಯೊ ಆಟೊ 2018ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಚಿಂಚೋಳಿಯಿಂದ ಗಡಿ ದಾಟಿದರೆ ಸಿಗುವ ಜಹೀರಾಬಾದಿನಲ್ಲೂ ಇದೇ ಕಂಪನಿಯ ದೊಡ್ಡ ಕಾರ್ಖಾನೆಯಿದೆ. ಟ್ರಿಯೊ ಬ್ಯಾಟರಿ 7.37 ಯೂನಿಟ್ಟಿನದು, ತುಂಬಲು ಹೆಚ್ಚುಕಮ್ಮಿ ನಾಲ್ಕು ತಾಸು, ಓಟ ಸುಮಾರು 110 ಕಿ.ಮೀ. ವಾಡಿ–ಶಹಾಬಾದ್, ವಾಡಿ–ಚಿತ್ತಾಪುರದಂಥ ಗಿಡ್ಡ ದಾರಿಗಳಲ್ಲಿ ದಿನಕ್ಕೆ ಕೆಲವು ಸಲ ಹೋಗಿ ಬರುವವರಿಗೆ ಇದು ಹೊಂದುತ್ತದೆ. ಆದರೆ ಅದು ಚಾಲಕ ಮತ್ತು ಮೂವರಿಗೆ ಮಾಡಿದ ಗಾಡಿ. ನಮ್ಮಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಹತ್ತತ್ತು ಮಂದಿ ತುಂಬುತ್ತಾರೆ. ಹಾಗೆ ತುಂಬಿದರೆ 110 ಎಂಬ ಲೆಕ್ಕ ಉಳಿಯುವುದಿಲ್ಲ, ಜೀವಕ್ಕೂ ಅಪಾಯ.

ಶೋರೂಮಿನಲ್ಲಿ ಕೇಳದೆ ಬಿಡಬಾರದ ಇನ್ನೊಂದು ಲೆಕ್ಕವಿದೆ. ಚಾರ್ಜಿನಲ್ಲಿ ಆಗುವ ನಷ್ಟ ಸೇರಿಸಿ ಸಲಕ್ಕೆ 8 ಯೂನಿಟ್ ಹಿಡಿಯಿರಿ. ತಿಂಗಳಲ್ಲಿ 25 ದಿನ ತುಂಬಿಸಿದರೆ 200 ಯೂನಿಟ್ ಅಲ್ಲೇ ಆಯಿತು. ರಾಜ್ಯ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮೇಲಾಗಿ ಅದು ಮನೆ ಬಳಕೆಗೆ ಕೊಟ್ಟ ಸವಲತ್ತು, ಬಾಡಿಗೆ ಗಾಡಿಗಲ್ಲ. ಗಾಡಿ ಚಾರ್ಜ್ ಮಾಡಲು ಬೇರೆ ಮೀಟರ್, ಬೇರೆ ದರ ನಮ್ಮ ರಾಜ್ಯದಲ್ಲಿದೆ.

ಆದ್ದರಿಂದ ನಿಮ್ಮ ಬೊಲೆರೋ ಚೆನ್ನಾಗಿ ಓಡುತ್ತಿದ್ದರೆ ಮಾರಬೇಡಿ. ಮನೆಯಲ್ಲಿ ಯಾರಾದರೂ ಹೊಸ ಟಂಟಂ ಕೊಳ್ಳುವ ಯೋಚನೆಯಲ್ಲಿದ್ದರೆ ಕರೆಂಟಿನದನ್ನು ಒಮ್ಮೆ ಓಡಿಸಿ ನೋಡಲಿ. ಮುಂಗಡ ಕೊಡುವ ಮೊದಲು ಕರೆಂಟಿನ ಕಂಪನಿ ಜೆಸ್ಕಾಂನ ಕಚೇರಿಗೆ ಹೋಗಿ ಬೇರೆ ಮೀಟರ್ ಎಷ್ಟು ದಿನದಲ್ಲಿ ಸಿಗುತ್ತದೆ, ದರ ಎಷ್ಟು ಎಂದು ಕೇಳಿಕೊಳ್ಳಿ.