ಕುರಿಗಳು ಕಂದು ಹಾಕುವುದೇಕೆ?

ಕಲಬುರಗಿಯ ನೆಹರು ಗಂಜ್ ತೊಗರಿಯ ವ್ಯಾಪಾರಕ್ಕೆ ಹೆಸರಾದ ಪೇಟೆ. ಇಲ್ಲಿಗೆ ಬರುವ ಕಾಳು ಗಿರಣಿಗಳಲ್ಲಿ ಬೇಳೆಯಾಗುವುದು. ಉಳಿದ ಹೊಟ್ಟು ದನಕುರಿಗಳ ಮೇವಾಗುವುದು. ಕೊಯ್ಲು ಮುಗಿದ ಹೊಲಗಳಲ್ಲಿ ಉದುರಿದ ಎಲೆಯನ್ನು ಮೇಯಲು ಹಿಂಡುಗಳು ಬರುವುವು. ರಾತ್ರಿ ಹೊಲದಲ್ಲಿ ಕುರಿ ಕೂರಿಸಿದರೆ ಭೂಮಿಗೆ ಗೊಬ್ಬರ, ಕುರಿಗಾಹಿಗೆ ಅಷ್ಟಿಷ್ಟು ಕಾಳು ಅಥವಾ ಹಣ. ತೊಗರಿಗೂ ಕುರಿಗೂ ಈ ಸೀಮೆಯಲ್ಲಿ ನಂಟು ಇಷ್ಟು ಹತ್ತಿರದ್ದಾದುದರಿಂದ, ಗಬ್ಬದ ಕುರಿಗಳು ಒಂದಾದ ಮೇಲೊಂದು ಕಂದು ಹಾಕತೊಡಗಿದಾಗ ಮೊದಲ ಸಂದೇಹ ಮೇವಿನ ಮೇಲೆಯೇ ಬೀಳುವುದು ಸಹಜ. ಹೊಟ್ಟು ಬೂಷ್ಟು ಹಿಡಿದಿತ್ತು, ಹೊಲಕ್ಕೆ ಔಷಧಿ ಹೊಡೆದಿದ್ದರು, ಗುಡುಗಿಗೆ ಬೆದರಿದುವು, ದೃಷ್ಟಿ ತಾಗಿತು ಎಂದು ಮುಂತಾಗಿ ಹೇಳುವುದುಂಟು. ಇವುಗಳಲ್ಲಿ ಕೆಲವು ಸುಳ್ಳೆಂದು ತಳ್ಳಿಹಾಕತಕ್ಕವಲ್ಲ. ಕೆಟ್ಟ ಮೇವಿನಿಂದಲೂ ವಿಷದ ಗಿಡಗಳಿಂದಲೂ ಗರ್ಭಪಾತವಾಗಬಲ್ಲುದು. ಆದರೆ ಹಿಂಡಿನಲ್ಲಿ ಅದು ಸಾಲಾಗಿ ಹಬ್ಬಿದರೆ ಸೂಕ್ಷ್ಮಜೀವಿಗಳ ಕೈವಾಡವಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಮೇವನ್ನು ದೂರಿದವರು ನಮ್ಮ ಕುರಿಗಾಹಿಗಳು ಮಾತ್ರವಲ್ಲ. ಸ್ಕಾಟ್ಲೆಂಡಿನ ಕುರಿಹಿಂಡುಗಳಲ್ಲಿ ವರ್ಷವರ್ಷವೂ ಕಾಣುತ್ತಿದ್ದ ಗರ್ಭಪಾತವನ್ನು 1936ರಲ್ಲಿ ವರ್ಣಿಸಿದ ಗ್ರೇಗ್ ಎಂಬ ಪಶುವೈದ್ಯ ವಿಜ್ಞಾನಿಯು, ಅದಕ್ಕೆ ಪೋಷಣೆಯ ಕೊರತೆಯೇ ಕಾರಣವೆಂದು ಭಾವಿಸಿದನು. 1950ರಲ್ಲಿ ಸ್ಟಾಂಪ್ ಮತ್ತು ಅವನ ಸಂಗಡಿಗರು ಅದೇ ರೋಗದ ಮಾಸನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಜೀವಕೋಶಗಳೊಳಗೆ ಕಿಕ್ಕಿರಿದಿದ್ದ ಅತಿ ಸಣ್ಣ ಜೀವಿಗಳನ್ನು ತೋರಿಸಿಕೊಟ್ಟರು. ಅದನ್ನು ಇಂದು ಕ್ಲಮೈಡಿಯಾ ಅಬಾರ್ಟಸ್ ಎಂದು ಕರೆಯುವರು.

ಕುರಿಯ ಗರ್ಭಾವಧಿ ಸುಮಾರು 150 ದಿನಗಳು. ಭ್ರೂಣವು ತಾಯಿಯ ಗರ್ಭಕೋಶಕ್ಕೆ ಒಂದೇ ತಟ್ಟೆಯಂತೆ ಅಂಟಿಕೊಂಡಿರುವುದಿಲ್ಲ. ಹಲವು ಹತ್ತು ಗುಂಡಿಗಳಂತಹ ಗಂಟುಗಳ ಮೂಲಕ ಪೋಷಣೆಯನ್ನು ಪಡೆಯುವುದು. ಮುಂದೆ ಹೇಳುವ ರೋಗಾಣುಗಳಲ್ಲಿ ಹೆಚ್ಚಿನವು ಮುತ್ತಿಗೆ ಹಾಕುವುದು ಈ ಗಂಟುಗಳಿಗೇ. ಗಂಟುಗಳು ಕೊಳೆತರೆ ಮರಿಗೆ ಅನ್ನವೂ ಇಲ್ಲ, ಪ್ರಾಣವಾಯುವೂ ಇಲ್ಲ. ಆರೋಗ್ಯವಂತ ಹಿಂಡಿನಲ್ಲಿಯೂ ನೂರಕ್ಕೆ ಒಂದೆರಡು ಕುರಿಗಳು ಕಂದು ಹಾಕುವುದುಂಟು. ಅದಕ್ಕೆ ಗಾಬರಿ ಬೇಡ. ನೂರಕ್ಕೆ ಐದನ್ನು ಮೀರಿದರೆ, ಅಥವಾ ಕೆಲವೇ ದಿನಗಳಲ್ಲಿ ಹಲವು ಕುರಿಗಳು ಕಂದು ಹಾಕಿದರೆ, ಸಾಂಕ್ರಾಮಿಕವಿರಬಹುದೆಂದು ಎಣಿಸಿ ತನಿಖೆಗೆ ತೊಡಗತಕ್ಕದ್ದು.

ಕಾರಣಗಳಲ್ಲಿ ನಮ್ಮ ನಾಡಿಗೆ ಬಹು ಮುಖ್ಯವಾದದ್ದು ಬ್ರೂಸೆಲ್ಲಾ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸಿಪಾಯಿಗಳ ಗುಲ್ಮದಲ್ಲಿ ಈ ಜೀವಿಯನ್ನು ಕಂಡನು. ಅದು ಎಲ್ಲಿಂದ ಬರುವುದೆಂಬುದು ಮಾತ್ರ ಬಹುಕಾಲ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಆಡುಗಳ ರಕ್ತವನ್ನು ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ನೋಡಲು ದುಂಡಗೆ ಆರೋಗ್ಯವಾಗಿದ್ದ ಆಡುಗಳೇ ಹಾಲಿನಲ್ಲಿ ರೋಗಾಣುವನ್ನು ಸುರಿಸುತ್ತಿದ್ದುವು! ಮರುವರ್ಷ ದಂಡಿನವರಿಗೆ ಆಡಿನ ಹಾಲನ್ನು ನಿಲ್ಲಿಸಲಾಯಿತು; ಅವರಲ್ಲಿ ಜ್ವರವು ಥಟ್ಟನೆ ಇಳಿಮುಖವಾಯಿತು. ಆಡುಕುರಿಗಳಲ್ಲಿ ಹೆಚ್ಚಾಗಿ ಕಾಣುವ ಬ್ರೂಸೆಲ್ಲಾ ಮೆಲಿಟೆನ್ಸಿಸ್ ಎಂಬ ಈ ಬಗೆಯು ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವುದು. ಬಳಿಕ ತಾಯಿಕುರಿ ಸುಧಾರಿಸಿಕೊಂಡು ಮೇಯುತ್ತಿರುವುದು. ಆದರೆ ಅದರ ಸ್ರಾವದಲ್ಲಿಯೂ ಹಾಲಿನಲ್ಲಿಯೂ ರೋಗಾಣುಗಳು ಇರುವುವು.

ಇದು ದೂರದ ದ್ವೀಪವೊಂದರ ಕಥೆಯೆಂದು ವಾಚಕರು ತಿಳಿಯಬಾರದು. ಕಲಬುರಗಿಗೆ ನೆರೆಯದಾದ ವಿಜಯಪುರದಲ್ಲಿ ವೈದ್ಯ ಬಸಪ್ಪ ಮಂಟೂರ ಮತ್ತು ಅವರ ಸಹೋದ್ಯೋಗಿಗಳು ಮನುಷ್ಯರಲ್ಲಿನ ಬ್ರೂಸೆಲ್ಲಾ ಜ್ವರವನ್ನು ವರ್ಷಗಟ್ಟಲೆ ಅಭ್ಯಸಿಸಿ, 16 ವರ್ಷಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. ಮಕ್ಕಳಲ್ಲಿಯೂ ಈ ರೋಗವನ್ನು ಅವರು ಗುರುತಿಸಿದ್ದರು. ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲುನೋವು, ಸೊಂಟನೋವು ಇದರ ಲಕ್ಷಣಗಳು. ಇವೇ ಲಕ್ಷಣಗಳು ಬೇರೆ ಹಲವು ಕಾಯಿಲೆಗಳಿಗೂ ಇರುವುದರಿಂದ ಮಲೇರಿಯ, ವಿಷಮಶೀತಜ್ವರ, ಕ್ಷಯ ಎಂದು ಚಿಕಿತ್ಸೆ ನಡೆದು ತಿಂಗಳುಗಳೇ ಕಳೆಯುವುದುಂಟು. ಸರಿಯಾಗಿ ಗುರುತಿಸಿದರೆ ಎರಡು ಔಷಧಿಗಳನ್ನು ಕೂಡಿಸಿ ಸುಮಾರು ಆರು ವಾರ ಕೊಟ್ಟು ಗುಣಪಡಿಸಬಹುದು. ಈಯಲಾರದ ಕುರಿಯ ಮರಿಯನ್ನು ಬರಿಗೈಯಿಂದ ಎಳೆಯುವವನು, ಉಸಿರಾಡದ ಮರಿಯ ಮೂಗಿಗೆ ಬಾಯಿಂದ ಊದುವವನು, ಕಾಯಿಸದ ಹಾಲನ್ನು ಕುಡಿಯುವ ಮಗು, ಇವರೆಲ್ಲ ಅಪಾಯದಲ್ಲಿರುವವರೇ. ಕುರಿಗಾಹಿಗೆ ಬಹುದಿನದ ಜ್ವರ ಬಂದಾಗ ವೈದ್ಯನು “ನಿಮ್ಮ ಕುರಿಗಳು ಕಂದು ಹಾಕಿದುವೇ?” ಎಂದು ಕೇಳಿದರೆ ಅರ್ಧ ರೋಗನಿದಾನವಾದಂತೆ.

ಎರಡನೆಯದು ಕಾಕ್ಸಿಯೆಲ್ಲಾ. ಆಸ್ಟ್ರೇಲಿಯದ ಕಸಾಯಿಖಾನೆಯ ಕೆಲಸಗಾರರಲ್ಲಿ ಕಂಡ ಅಪರಿಚಿತ ಜ್ವರವನ್ನು 1937ರಲ್ಲಿ ವರ್ಣಿಸಿದ ಡೆರಿಕ್, ಹೆಸರು ತೋಚದೆ ‘ಪ್ರಶ್ನೆ’ ಎಂಬರ್ಥದ ಅಕ್ಷರದಿಂದ ಅದನ್ನು ಕ್ಯೂ ಜ್ವರವೆಂದನು. ಪ್ರಶ್ನೆಗೆ ಉತ್ತರ ದೊರೆತ ಮೇಲೂ ಹೆಸರು ಹಾಗೆಯೇ ಉಳಿದಿದೆ. ಈ ಜೀವಿ ಒಣಗಿದ ಮಾಸಿನ ಧೂಳಿನಲ್ಲಿ ಬಹುಕಾಲ ಬದುಕಿದ್ದು ಗಾಳಿಯೊಡನೆ ಹಾರಬಲ್ಲುದು. 2007ರಿಂದ 2010ರವರೆಗೆ ನೆದರ್‌ಲೆಂಡ್ಸಿನಲ್ಲಿ ಆಡಿನ ಕೊಟ್ಟಿಗೆಗಳಿಂದ ಹೊರಟು 4000ಕ್ಕೂ ಹೆಚ್ಚು ಜನರಿಗೆ ತಗಲಿತು. ಅವರಲ್ಲಿ ಅನೇಕರು ಆಡನ್ನು ಮುಟ್ಟಿದವರೇ ಅಲ್ಲ.

ಟಾಕ್ಸೋಪ್ಲಾಸ್ಮವೆಂಬುದು ಏಕಕೋಶದ ಪರೋಪಜೀವಿ. ಇದನ್ನು 1908ರಲ್ಲಿಯೇ ಕಂಡಿದ್ದರೂ, ಬೆಕ್ಕಿನ ಮಲದಲ್ಲಿ ಇದರ ಮೊಟ್ಟೆಯಂತಹ ಕೋಶಗಳು ಹೊರಬೀಳುವುವೆಂಬುದು ಖಚಿತವಾದದ್ದು 1970ರ ಸುಮಾರಿಗೆ. ಇಲಿಯ ಕಾಟಕ್ಕೆ ಬೆಕ್ಕನ್ನು ಸಾಕಿದ ಉಗ್ರಾಣದಲ್ಲಿ ಮೇವಿನ ಚೀಲಗಳು ತೆರೆದಿದ್ದರೆ ಏನಾಗಬಹುದೆಂಬುದನ್ನು ಊಹಿಸಿಕೊಳ್ಳಿ. ಮೇವಿನ ಮೇಲಿನ ಸಂದೇಹವು ಒಮ್ಮೊಮ್ಮೆ ಹೀಗೆ ಸುತ್ತಿ ಬಳಸಿ ನಿಜವಾಗುವುದು! ಈ ರೋಗದಲ್ಲಿ ಮಾಸಿನ ಗಂಟುಗಳ ಮೇಲೆ ಸಾಸಿವೆಯಂತಹ ಬಿಳಿಯ ಚುಕ್ಕೆಗಳು ಕಾಣುವುವು.

ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಇವೂ ಉಂಟು. ವೈರಸುಗಳಲ್ಲಿ ಪಿ.ಪಿ.ಆರ್. ಮತ್ತು ಸಣ್ಣ ನೊಣಗಳಿಂದ ಹರಡುವ ನೀಲಿ ನಾಲಿಗೆ ರೋಗ ನಮ್ಮಲ್ಲಿ ನೆನೆಯತಕ್ಕವು. ಆದರೆ ಇವೆರಡರಲ್ಲಿ ಜ್ವರ, ಬಾಯಿಹುಣ್ಣು, ಮೂಗಿನ ಸೋರಿಕೆ ಮುಂತಾದುವು ಹಿಂಡಿನಲ್ಲಿ ಸಾಮಾನ್ಯವಾಗಿ ಮೊದಲೇ ಕಾಣುವುದರಿಂದ ಗುರುತು ಅಷ್ಟು ಕಷ್ಟವಲ್ಲ.

ಇನ್ನು ತನಿಖೆ. ಪತ್ತೇದಾರನಿಗೆ ಬೇಕಾದ ಸಾಕ್ಷ್ಯವೆಲ್ಲ ಸತ್ತ ಮರಿಯಲ್ಲಿಯೂ ಮಾಸಿನಲ್ಲಿಯೂ ಇರುವುದು. ಅದನ್ನೇ ನಾಯಿಗೆ ಎಸೆದುಬಿಡುವುದು ನಮ್ಮ ವಾಡಿಕೆ. ನಾಯಿಯು ಸಾಕ್ಷ್ಯವನ್ನು ಮಾಯಮಾಡುವುದಲ್ಲದೆ ರೋಗವನ್ನು ನೆರೆಯ ಹೊಲಕ್ಕೂ ಎಳೆದೊಯ್ಯುವುದು. ಪಶುವೈದ್ಯನು ಕೈಚೀಲ ತೊಟ್ಟು, ಮೂಗುಬಾಯಿ ಮುಚ್ಚಿಕೊಂಡು, ಮಾಸಿನ ಗಂಟುಗಳನ್ನೂ ಮರಿಯ ಶ್ವಾಸಕೋಶ, ಯಕೃತ್ತು, ಗುಲ್ಮ, ಮಿದುಳುಗಳ ತುಣುಕುಗಳನ್ನೂ ಜಠರದ ರಸವನ್ನೂ ಸಂಗ್ರಹಿಸುವನು. ಜಠರದ ರಸಕ್ಕೆ ವಿಶೇಷ ಬೆಲೆಯುಂಟು. ಮರಿಯು ಗರ್ಭದಲ್ಲಿ ತನ್ನ ಸುತ್ತಲಿನ ನೀರನ್ನು ನುಂಗುತ್ತಿರುವುದು. ಆದುದರಿಂದ ಅದರ ಜಠರವು ಗರ್ಭದೊಳಗಿನ ಸ್ಥಿತಿಯನ್ನು ಹಿಡಿದಿಟ್ಟ ಮುಚ್ಚಿದ ಸೀಸೆಯಂತೆ. ನೆಲಕ್ಕೆ ಬಿದ್ದ ಮಾಸಿನಲ್ಲಿ ಮಣ್ಣಿನ ಜೀವಿಗಳೆಲ್ಲ ಸೇರಿಕೊಂಡಿದ್ದರೂ ಈ ರಸವು ಕೆಡದೆ ಉಳಿದಿರುವುದು.

ಇನ್ನೊಂದು ಸ್ವಾರಸ್ಯದ ವಿಷಯವಿದೆ. ಮನುಷ್ಯರಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮಾಸನ್ನು ದಾಟಿ ಶಿಶುವಿಗೆ ಸೇರುವುವು, ಕುರಿಯಲ್ಲಿ ದಾಟಲಾರವು. ಮರಿಗೆ ಅವು ದೊರೆಯುವುದು ಹುಟ್ಟಿದ ಮೇಲೆ ಗಿಣ್ಣುಹಾಲಿನಿಂದ ಮಾತ್ರ. ಹಾಗಾದರೆ ಹಾಲನ್ನೇ ಕುಡಿಯದೆ ಸತ್ತ ಮರಿಯ ಎದೆಯ ದ್ರವದಲ್ಲಿ ಟಾಕ್ಸೋಪ್ಲಾಸ್ಮಕ್ಕೆ ವಿರುದ್ಧವಾದ ಪ್ರತಿಕಾಯ ಕಂಡರೆ? ಅದು ತಾಯಿಯದಲ್ಲ, ಮರಿಯೇ ರೋಗದೊಡನೆ ಹೋರಾಡಿ ತಯಾರಿಸಿದ್ದು ಎಂದು ನಿರ್ಣಯಿಸಬಹುದು.

ಮಾಸಿನ ಲೇಪವನ್ನು ವಿಶೇಷ ಬಣ್ಣದಿಂದ ಪರೀಕ್ಷಿಸಿದರೆ ಬ್ರೂಸೆಲ್ಲಾ, ಕ್ಲಮೈಡಿಯಾ, ಕಾಕ್ಸಿಯೆಲ್ಲಾ ಮೂರೂ ಕೆಂಪಗೆ ಕಾಣುವುವು. ಸೂಕ್ಷ್ಮದರ್ಶಕವೊಂದರಿಂದಲೇ ತೀರ್ಪು ಕೊಡಲಾಗದು. ಬ್ರೂಸೆಲ್ಲಾ ಪೋಷಕದ್ರವ್ಯದ ಮೇಲೆ ನಿಧಾನವಾಗಿ ಬೆಳೆಯುವುದು; ಕ್ಲಮೈಡಿಯಾವು ಜೀವಂತ ಕೋಶದೊಳಗಲ್ಲದೆ ಬೆಳೆಯದು. ಆದುದರಿಂದ ಈಗ ಪ್ರಯೋಗಶಾಲೆಗಳಲ್ಲಿ ರೋಗಾಣುವಿನ ಡಿ.ಎನ್.ಎ. ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುವ ಪಿ.ಸಿ.ಆರ್. ವಿಧಾನವನ್ನು ಬಳಸುವರು. ತಾಯಿಕುರಿಯ ರಕ್ತಕ್ಕೆ ರೋಸ್ ಬೆಂಗಾಲ್ ಪರೀಕ್ಷೆಯುಂಟು: ಗುಲಾಬಿ ಬಣ್ಣ ಹಚ್ಚಿದ ಸತ್ತ ಬ್ರೂಸೆಲ್ಲಾಗಳ ಒಂದು ಹನಿಗೆ ರಕ್ತರಸದ ಒಂದು ಹನಿ ಬೆರೆಸಿದರೆ, ಪ್ರತಿಕಾಯವಿದ್ದಲ್ಲಿ ನಾಲ್ಕು ನಿಮಿಷದೊಳಗೆ ಹರಳುಗಟ್ಟುವುದು. ಸೋಂಕು ಹಳೆಯದೋ ಹೊಸದೋ ಎಂಬುದನ್ನು ಇದೊಂದೇ ಹೇಳಲಾರದು. ಒಂದೇ ಕುರಿಯ ಪರೀಕ್ಷೆಯನ್ನು ನಂಬಿ ಕೂಡ್ರುವುದೂ ತಪ್ಪು. ಕಂದು ಹಾಕಿದ ಹಲವು ಕುರಿಗಳ ರಕ್ತವನ್ನೂ, ಸರಿಯಾಗಿ ಈದ ಕೆಲವುಗಳ ರಕ್ತವನ್ನೂ ತೆಗೆದು ಹೋಲಿಸಬೇಕು.

ರೋಗದ ಹೆಸರು ತಿಳಿಯುವುದರಿಂದ ಕುರಿಗಾಹಿಗೆ ಬಂದ ಲಾಭವೇನು? ಕಂದು ಹಾಕಿದ ಕುರಿಯನ್ನು ಮುಂದಿನ ಸಂತೆಯಲ್ಲಿ ಮಾರುವುದು ಸಾಮಾನ್ಯವಾದ ಉಪಾಯ. ಕಾರಣವು ಟಾಕ್ಸೋಪ್ಲಾಸ್ಮ ಅಥವಾ ಕ್ಯಾಂಪಿಲೋಬ್ಯಾಕ್ಟರ್ ಆಗಿದ್ದರೆ ಇದು ಬರಿಯ ನಷ್ಟ. ಅಂತಹ ಕುರಿಗೆ ರೋಗನಿರೋಧ ಶಕ್ತಿ ಬಂದಿದ್ದು, ಮುಂದಿನ ಸಲ ಸಾಮಾನ್ಯವಾಗಿ ಚೆನ್ನಾಗಿಯೇ ಈಯುವುದು. ಬ್ರೂಸೆಲ್ಲಾ ಆಗಿದ್ದರೆ ಇನ್ನೊಬ್ಬನ ಹಿಂಡಿಗೂ ಮನೆಗೂ ರೋಗವನ್ನು ಮಾರಿದಂತೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಬ್ರೂಸೆಲ್ಲಾ ಲಸಿಕೆಯು 4ರಿಂದ 8 ತಿಂಗಳ ಹೆಣ್ಣು ದನದ ಕರು, ಎಮ್ಮೆಯ ಕರುಗಳನ್ನು ಉದ್ದೇಶಿಸಿದ್ದು, ಕುರಿಯನ್ನಲ್ಲ. ಇಂತಹ ಕುರಿಯನ್ನು ಹಿಂಡಿನಿಂದ ಬೇರೆ ಮಾಡಿ, ಮಾಸನ್ನೂ ಮರಿಯನ್ನೂ ಸುಣ್ಣ ಹಾಕಿ ಆಳವಾಗಿ ಹೂಳುವುದೇ ಸದ್ಯಕ್ಕೆ ಕೈಯಲ್ಲಿರುವ ಕ್ರಮ. ಗರ್ಭಿಣಿ ಸ್ತ್ರೀಯರು ಇವುಗಳ ಹತ್ತಿರ ಸುಳಿಯಲೇಬಾರದು. ಕ್ಲಮೈಡಿಯಾ ಅಬಾರ್ಟಸ್ ಅವರ ಗರ್ಭಕ್ಕೂ ಅಪಾಯಕಾರಿ.

ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸೋರದಂತೆ ಮೂರು ಪದರಗಳಲ್ಲಿ ಕಟ್ಟಿ, ಯಾವ ಕುರಿ, ಎಷ್ಟನೆಯ ಸೂಲು, ಗಬ್ಬದ ಎಷ್ಟನೆಯ ತಿಂಗಳು, ಹಿಂಡಿಗೆ ಹೊಸ ಟಗರು ಬಂದದ್ದು ಯಾವಾಗ ಎಂಬುದನ್ನು ಬರೆದು ಒಡನೆ ಕಳುಹಿಸಬೇಕು. ಕಲಬುರಗಿಯವರಿಗೆ ಪಶುವೈದ್ಯ ವಿಶ್ವವಿದ್ಯಾಲಯವಿರುವ ಬೀದರ್ ಹತ್ತಿರವೇ. ಕಮಲಾಪುರದ ಮೇಲೆ ಹಾದುಹೋಗುವ ರೈಲುಮಾರ್ಗವು 2017ರಲ್ಲಿ ತೆರೆದ ಮೇಲೆ ಅದು ಸುಮಾರು 110 ಕಿಲೋಮೀಟರಿನ ಪ್ರಯಾಣ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ, ಯಲಹಂಕದ ಬಳಿ ಪಶುರೋಗಗಳ ಹರಡುವಿಕೆಯನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೂ ಇವೆ. ಬೇಸಗೆಯಲ್ಲಿ ಮಾದರಿಯು ಒಂದು ದಿನ ಹೊರಗಿದ್ದರೆ ಕೊಳೆತುಹೋಗುವುದು. ಕೊಳೆತ ಮಾದರಿಯಿಂದ ಯಾವ ವಿಜ್ಞಾನಿಯೂ ಹೆಚ್ಚಿನದನ್ನು ಹೇಳಲಾರನು.