ಮೊದಲು ಸೋಲುವುದು ದಾರ

ಮಗಾ, ಮೊನ್ನೆ ಫೋನಿನಲ್ಲಿ "ದೊಡ್ಡಪ್ಪಾ, ಎರಡೂ ತಾಡಪಾಲು ಹರಿದುಹೋಗಿವೆ, ಬಿಸಾಕಿ ಹೊಸದು ತಂದುಬಿಡ್ತೀನಿ" ಅಂದೆಯಲ್ಲ, ಆಗ ನಾನು ಅಡಿಕೆ ಬೇಯಿಸುವ ಒಲೆಯ ಮುಂದಿದ್ದೆ. ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡು. ಎರಡನ್ನೂ ಅಂಗಳದಲ್ಲಿ ಹರಡಿ, ಸೋತಿರುವುದು ಬಟ್ಟೆಯೋ ಹೊಲಿಗೆಯೋ ನೋಡು.

ಹೊದಿಕೆ ಯಾವುದೇ ಇರಲಿ, ಲಾರಿಯ ಟಾರ್ಪಾಲು, ಜಾತ್ರೆಯ ಡೇರೆ, ಸಮುದ್ರದವರ ಹಾಯಿ, ಬಿಸಿಲಿಗೆ ಮೊದಲು ಸೋಲುವುದು ದಾರ. ಬಟ್ಟೆಯ ಮೇಲೆ ಎದ್ದು ಕೂತಿರುತ್ತದೆ, ಬಿಸಿಲು ನೇರವಾಗಿ ಅದಕ್ಕೇ ಬಡಿಯುತ್ತದೆ. ಆಮೇಲೆ ಹಗ್ಗ ಕಟ್ಟುವ ಐಲೆಟ್ ರಿಂಗುಗಳು ಕಿತ್ತು ಬರುತ್ತವೆ. ಅದರ ನಂತರ ಅಂಚು. ಬಟ್ಟೆ ಸಾಯುವುದು ಕೊನೆಗೆ. ದಾರ ಹೋದದ್ದಕ್ಕೆ ಬಟ್ಟೆಯನ್ನೇ ಎಸೆಯುವವರನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಬಟ್ಟೆ ಸತ್ತು ಪುಡಿಯಾಗುತ್ತಿದ್ದರೂ ಮೆದೆಯ ಮೇಲೆ ಎಳೆಯುವವರನ್ನೂ ನೋಡಿದ್ದೇನೆ. ಎರಡನೆಯದು ಇನ್ನೂ ಕೆಟ್ಟದ್ದು, ಆ ಮಾತಿಗೆ ಆಮೇಲೆ ಬರುತ್ತೇನೆ.

ನಿನ್ನ ಹತ್ತಿರ ಇರುವ ಎರಡೂ ಬೇರೆ ಬೇರೆ ಜಾತಿಯವು. ಅಟ್ಟದ ಮೇಲಿನ ಖಾಕಿ ಬಣ್ಣದ್ದು ನಿಮ್ಮ ಅಜ್ಜ ಗಾಡಿಗೆ ಹೊದಿಸುತ್ತಿದ್ದ ಹತ್ತಿಯ ಕ್ಯಾನ್ವಾಸು. ನಮ್ಮ ಗುಬ್ಬಿ ಅಡಿಕೆ ವ್ಯಾಪಾರದ ಹಳೇ ಊರು. ಮಲೆನಾಡಿನ ಅಡಿಕೆ ವಾಲಾಜಾಪೇಟೆಯ ಕಡೆಗೆ ಹೋಗುತ್ತಿದ್ದದ್ದು ಇಲ್ಲಿಯ ಮಂಡಿಗಳ ಮೇಲೇ. ದಾರಿಯಲ್ಲಿ ಮಾಲು ನೆನೆದರೆ ಕಥೆ ಮುಗಿಯಿತು ಅನ್ನುವ ಭಯ ಈ ಊರಿನವರಿಗೆ ತಲೆಮಾರುಗಳಿಂದ ಇದೆ, ಅದಕ್ಕೇ ಅಂಥ ಬಟ್ಟೆಯನ್ನು ಜತನ ಮಾಡುತ್ತಿದ್ದರು. ಇನ್ನೊಂದು ನೀಲಿಯದು, ಎಚ್‌ಡಿಪಿಇ ಪ್ಲಾಸ್ಟಿಕ್ ಪಟ್ಟಿಗಳಿಂದ ನೆಯ್ದದ್ದು. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ಕ್ಯಾನ್ವಾಸಿನ ಮಾತು. ಹಗಲು ಹೊತ್ತಿನಲ್ಲಿ ಇಬ್ಬರು ಎತ್ತಿ ಹಿಡಿದು ಕೆಳಗಿನಿಂದ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ತೋರಿಸಿಕೊಡುತ್ತದೆ. ಅಂಚಿನ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆ. ತಡೆದರೆ ಬಟ್ಟೆಗೆ ಜೀವ ಇದೆ. ಪರ್ ಅಂತ ಬಿರಿದು ಸೀಳು ಓಡಿದರೆ ಹೊಲಿಯುವ ಶ್ರಮ ದಂಡ. ಜೀವ ಇದ್ದರೆ ದಬ್ಬಳ ತಗೋ. ಗಟ್ಟಿ ದಾರಕ್ಕೆ ಜೇನುಮೇಣ ತಿಕ್ಕಿದರೆ ನೀರು ಹೀರುವುದಿಲ್ಲ, ಬಟ್ಟೆಯಲ್ಲಿ ಸಲೀಸಾಗಿ ಜಾರುತ್ತದೆ. ಬಿಚ್ಚಿದ ಹೊಲಿಗೆಯನ್ನು ಹಳೇ ತೂತುಗಳಲ್ಲೇ ಹೊಲಿ. ಪಕ್ಕದಲ್ಲಿ ಹೊಸ ತೂತು ಮಾಡುತ್ತ ಹೋದರೆ ಅಂಚೆಚೀಟಿಯ ಹಾಗೆ ಆ ಸಾಲಿನಲ್ಲೇ ಕಿತ್ತುಕೊಳ್ಳುತ್ತದೆ.

ತೇಪೆ ಹಾಕುವಾಗ ಹೊಚ್ಚಹೊಸ ದಪ್ಪ ಬಟ್ಟೆ ತರಬೇಡ. ಹೊಸದರ ಬಿಗಿಗೆ ಹಳೇದು ತೇಪೆಯ ಸುತ್ತಲೂ ಹರಿಯುತ್ತದೆ. ಅಷ್ಟೇ ಸವೆದ ಕ್ಯಾನ್ವಾಸಿನ ತುಂಡು ಹುಡುಕು. ಮೂಲೆಗಳನ್ನು ದುಂಡಗೆ ಕತ್ತರಿಸು, ಚೂಪು ಮೂಲೆ ಮೊದಲು ಏಳುತ್ತದೆ. ಹರಿದ ಜಾಗಕ್ಕಿಂತ ಸುತ್ತಲೂ ಎರಡು ಬೆರಳು ಹೆಚ್ಚಿರಲಿ. ತೇಪೆಯ ಅಂಚಿಗೆ ಒಂದು ಸುತ್ತು, ಹರಕಿನ ಅಂಚನ್ನು ಮಡಿಚಿ ಒಳಗಡೆ ಇನ್ನೊಂದು ಸುತ್ತು. ಮುಗಿದ ಮೇಲೆ ಹೊಲಿಗೆಯ ಉದ್ದಕ್ಕೂ ಮೇಣದಬತ್ತಿ ತಿಕ್ಕಿ ಮೇಲೆ ಕಾಗದವಿಟ್ಟು ಇಸ್ತ್ರಿ ಎಳೆದರೆ ಮೇಣ ಕರಗಿ ತೂತುಗಳಲ್ಲಿ ಕೂರುತ್ತದೆ. ಆ ಬಟ್ಟೆಯನ್ನು ಸೋಪಿನ ಪುಡಿಯಲ್ಲಿ ಮಾತ್ರ ತೊಳೆಯಬೇಡ. ನೀರು ತಡೆಯುವ ಲೇಪವೇ ಹೊರಟುಹೋಗುತ್ತದೆ. ಬರೀ ನೀರು, ತೆಂಗಿನ ನಾರು, ಸಾಕು.

ನೀಲಿ ತಾಡಪಾಲಿಗೆ ದಬ್ಬಳ ಮುಟ್ಟಿಸಬೇಡ. ಅಂಟೂ ಹಾಕಬೇಡ, ಮಾಮೂಲಿ ಗೋಂದು ಆ ಪ್ಲಾಸ್ಟಿಕ್ಕನ್ನು ಹಿಡಿದುಕೊಳ್ಳುವುದಿಲ್ಲ. ಅದನ್ನು ಬಿಸಿಗಾಳಿಯಿಂದ ಕರಗಿಸಿ ಬೆಸೆಯಬೇಕು. ತುಮಕೂರಿನಲ್ಲಿ ಲಾರಿ ಟಾರ್ಪಾಲು ರಿಪೇರಿ ಮಾಡುವವರ ಹತ್ತಿರ ಒಯ್ದರೆ ಹೊತ್ತು ಹಿಡಿಯದ ಕೆಲಸ. ಮಣ್ಣು ಮೆತ್ತಿಕೊಂಡಿದ್ದರೆ ಬೆಸುಗೆ ಕೂರುವುದಿಲ್ಲ, ತೊಳೆದು ಒಣಗಿಸಿ ಒಯ್ಯಿ. ರಿಂಗು ಕಿತ್ತುಬಂದ ಕಡೆ ಮೊಳೆಯಿಂದ ತೂತು ಕೊರೆದು ಹಗ್ಗ ಪೋಣಿಸುವುದನ್ನು ಬಿಡು. ನಿಂಬೆಹಣ್ಣಿನ ಗಾತ್ರದ ನುಣುಪಾದ ಕಲ್ಲೊಂದನ್ನು ಬಟ್ಟೆಯ ಕೆಳಗಿಟ್ಟು, ಬಟ್ಟೆಸಮೇತ ಅದರ ಕೊರಳಿಗೆ ಹಗ್ಗ ಬಿಗಿದುಬಿಡು. ಆ ಗಂಟು ಎಂಥ ಗಾಳಿಗೂ ಬಿಡುವುದಿಲ್ಲ, ಬಟ್ಟೆಯೂ ತೂತಾಗುವುದಿಲ್ಲ.

ಈಗ ಸತ್ತ ಬಟ್ಟೆಯ ಮಾತು. ನೀಲಿಯದನ್ನು ಅಂಗೈಯಲ್ಲಿ ಉಜ್ಜಿ ನೋಡು. ಕೈಗೆ ಬಣ್ಣದ ಪುಡಿ ಹತ್ತಿದರೆ, ಮಡಿಕೆಯಲ್ಲಿ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿದ್ದರೆ, ಬಿಸಿಲು ಅದನ್ನು ತಿಂದು ಮುಗಿಸಿದೆ ಅಂತ ಅರ್ಥ. ಒಂದು ದಿನವೂ ಇಟ್ಟುಕೊಳ್ಳಬೇಡ. ಅಂಥ ಒಂದನ್ನು ನಾನು ಇನ್ನೊಂದು ವರ್ಷ ಬರಲಿ ಅಂತ ಹುಲ್ಲಿನ ಬಣವೆಗೆ ಹೊದಿಸಿದ್ದೆ. ಬೇಸಿಗೆಯಲ್ಲಿ ಹುಲ್ಲು ಹಿರಿಯುವಾಗ ಪ್ರತಿ ಹಿಡಿಯಲ್ಲೂ ನೀಲಿ ಎಳೆ. ಹಸು ಆರಿಸಿ ತಿನ್ನುತ್ತದೆಯೇ? ಹೊಟ್ಟೆಗೆ ಹೋದ ಪ್ಲಾಸ್ಟಿಕ್ಕು ಕರಗುವುದಿಲ್ಲ, ಒಳಗೇ ಉಂಡೆಕಟ್ಟುತ್ತದೆ. ನಮ್ಮ ಹಸು ಕೆಂದಿ ಮೇವು ಬಿಟ್ಟು ನಿಂತ ದಿನ ನನಗೆ ಅದು ಗೊತ್ತಾಯಿತು. ಆಮೇಲೆ ಅವಳು ಉಳಿಯಲಿಲ್ಲ. ಇವತ್ತಿಗೂ ನೀಲಿ ಎಳೆ ಕಂಡರೆ ಬಾಗಿ ಎತ್ತಿಕೊಳ್ಳುತ್ತೇನೆ. ಪುಡಿಯಾದ ತಾಡಪಾಲನ್ನು ರಾಗಿಯ ಕೆಳಗೆ ಹಾಸುವುದು, ಗೊಬ್ಬರದ ಗುಂಡಿಗೆ ಮುಚ್ಚುವುದು, ತೋಟದ ಬದುವಿನಲ್ಲಿ ಸುಡುವುದು, ಯಾವುದೂ ಬೇಡ. ಸುತ್ತಿ ಗುಜರಿಗೆ ಹಾಕು.

ಹೊಸದು ಬೇಕೇ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸು. ಪಹಣಿ, ಆಧಾರ್, ಫ್ರೂಟ್ಸ್ ಐಡಿ ಜೊತೆಗಿರಲಿ. ಕೃಷಿ ಇಲಾಖೆ ಸಹಾಯಧನದಲ್ಲಿ ಕೊಡುವ ತಾಡಪಾಲು 8 ಮೀಟರ್ ಉದ್ದ, 6 ಮೀಟರ್ ಅಗಲ, 250 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಅಂಗಡಿಯಲ್ಲಿ ಕೊಳ್ಳುವುದಾದರೂ ಈ ಲೆಕ್ಕ ಕೈಯಲ್ಲಿರಲಿ. 8ಕ್ಕೆ 6 ಅಂದರೆ 48 ಚದರ ಮೀಟರ್, 250ರಿಂದ ಗುಣಿಸಿದರೆ 12 ಕೆಜಿ. ಅಡಿಕೆ ತೂಗುವ ತಕ್ಕಡಿಗೆ ಹಾಕು. 8 ಕೆಜಿ ತೂಗಿದರೆ, ಮೇಲೆ ಏನೇ ಅಚ್ಚು ಹಾಕಿರಲಿ, ಅದು 250 ಆಗುವುದಿಲ್ಲ. ನನಗೊಮ್ಮೆ ಹಾಗೆ ತೆಳ್ಳನೆಯದು ಬಂದು ಒಂದೇ ಮಳೆಗಾಲಕ್ಕೆ ಜಾಲರಿಯಾಯಿತು. ಅಂದಿನಿಂದ ತೂಗದೆ ತರುವುದಿಲ್ಲ. ಐಎಸ್ 7903 ಗುರುತೂ ಇದೆಯಾ ನೋಡು, ಈ ಬಗೆಯ ತಾಡಪಾಲಿಗೆ ಇರುವ ಮಾನಕ ಅದು.

ತಂದದ್ದನ್ನು ಬಿಗಿಯಾಗಿ ಕಟ್ಟು. ಮಳೆಗಿಂತ ಪಟಪಟ ಬಡಿಯುವ ಗಾಳಿಯೇ ಹೊದಿಕೆಯನ್ನು ಹರಿಯುವುದು. ಗಳದ ತುದಿ, ತಗಡಿನ ಅಂಚು ತಾಗುವ ಕಡೆ ಗೋಣಿಚೀಲ ಮಡಿಚಿ ಇಡು. ಕಾರ್ತಿಕದಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಅಂತ ರೇಡಿಯೋ ಹೇಳಿದ ತಕ್ಷಣ ಇಡೀ ಮೆದೆಯನ್ನು ನೆಲದವರೆಗೂ ಸುತ್ತಿಬಿಡಬೇಡ. ಹಸಿ ರಾಗಿ ಮೆದೆ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ. ನೆತ್ತಿ ಮುಚ್ಚಿ, ಪಕ್ಕ ಉಸಿರಾಡಲು ಬಿಡು. ಬೇಯಿಸಿದ ಅಡಿಕೆಗೂ ಅಷ್ಟೇ, ಮಳೆ ನಿಂತ ಮರುಗಳಿಗೆ ಹೊದಿಕೆ ತೆಗೆಯದಿದ್ದರೆ ಬೆವರಿ ಬಣ್ಣ ಕೆಡುತ್ತದೆ.

ಎತ್ತಿಡುವುದನ್ನು ಗುಬ್ಬಿ ಕಂಪನಿಯವರಿಂದ ಕಲಿ. 1884ರಲ್ಲಿ ನಮ್ಮೂರಲ್ಲಿ ಶುರುವಾದ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ತಿರುಗಿತು. ಬಣ್ಣ ಬಳಿದ ಪರದೆ ಮಡಿಸಿದರೆ ಮಡಿಕೆಯಲ್ಲೇ ಬಿರಿಯುತ್ತದೆ ಅಂತ ಕಂಪನಿ ನಾಟಕದವರು ಅದನ್ನು ಗಳಕ್ಕೆ ಸುತ್ತುತ್ತಿದ್ದರು. ನೀನೂ ಹಾಗೇ ಸುತ್ತು. ಪೂರ್ತಿ ಒಣಗಿರಲಿ, ಒದ್ದೆಯಲ್ಲಿ ಸುತ್ತಿದ ಕ್ಯಾನ್ವಾಸಿಗೆ ಕಪ್ಪು ಚುಕ್ಕೆ ಬಿದ್ದರೆ ಆ ಜಾಗ ಕೊಳೆಯಿತು ಅಂತಲೇ. ಅಡಿಕೆಯ ಚೊಗರು, ಕಾಳು ಅಂಟಿದ್ದರೆ ಒರೆಸು, ಕಾಳನ್ನು ಇಲಿ ಹುಡುಕಿಕೊಂಡು ಬರುತ್ತದೆ. ಸುತ್ತಿದ್ದನ್ನು ಅಟ್ಟದಿಂದ ಹಗ್ಗಕ್ಕೆ ತೂಗುಹಾಕು.

ಭಾನುವಾರ ಬೆಳಿಗ್ಗೆ ಬರುತ್ತೇನೆ. ದಬ್ಬಳ, ಮೇಣ, ದಾರ ನನ್ನ ಹತ್ತಿರವೇ ಇವೆ. ನೀನು ನಿಮ್ಮ ಅಜ್ಜನ ಕ್ಯಾನ್ವಾಸನ್ನು ಶನಿವಾರವೇ ಇಳಿಸಿ, ಬಿಸಿಲಿಗೆ ಹಾಕಿ ಒಣಗಿಸಿಟ್ಟಿರು.