ಮಕ್ಕಳ ರಕ್ಷಣೆ: ಎಸ್‌ಡಿಎಂಸಿಯ ಹೊಣೆ ಎಷ್ಟು, ಅಧಿಕಾರ ಎಷ್ಟು?

ಮಲೆನಾಡಿನ ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಗಳಲ್ಲಿ ಚರ್ಚೆಗೆ ಬರುವ ವಿಷಯಗಳು ಹೆಚ್ಚುಕಡಿಮೆ ಒಂದೇ: ಮಳೆಗೆ ಸೋರುವ ಹೆಂಚು, ಅರ್ಧಕ್ಕೆ ನಿಂತ ಕಾಂಪೌಂಡು, ಬಿಸಿಯೂಟದ ಅಕ್ಕಿ, ಅತಿಥಿ ಶಿಕ್ಷಕರು, ಸ್ವಾತಂತ್ರ್ಯ ದಿನದ ಸಿಹಿ. ಇವೆಲ್ಲ ಆಗಲೇಬೇಕಾದ ಕೆಲಸಗಳು. ಆದರೆ ಕಾನೂನು ಈ ಸಮಿತಿಗೆ ಒಪ್ಪಿಸಿರುವ ಇನ್ನೊಂದು ಹೊಣೆ ನಡಾವಳಿ ಪುಸ್ತಕದಲ್ಲಿ ಕಾಣುವುದೇ ಅಪರೂಪ. ಮಗುವಿಗೆ ಹೊಡೆತ, ಅವಮಾನ, ಲೈಂಗಿಕ ಕಿರುಕುಳ ಆಗದಂತೆ ನೋಡಿಕೊಳ್ಳುವುದು, ಆದದ್ದು ಗೊತ್ತಾದರೆ ತಡಮಾಡದೆ ತಿಳಿಸಬೇಕಾದವರಿಗೆ ತಿಳಿಸುವುದು ಆ ಹೊಣೆ.

ಇಂಥ ದೂರು ಬಂದಾಗ ಎಸ್‌ಡಿಎಂಸಿ ಪಂಚಾಯ್ತಿ ಕಟ್ಟೆ ಆಗಬಾರದು. ಕೇಳಿಸಿಕೊಳ್ಳುವುದು, ಬರೆದಿಡುವುದು, ತಿಳಿಸುವುದು, ಮಗುವಿನ ಜೊತೆ ನಿಲ್ಲುವುದು ಅದರ ಕೆಲಸ. ಸರಿ ಯಾರು, ತಪ್ಪು ಯಾರು ಎಂದು ತೀರ್ಮಾನಿಸಲು ಪೊಲೀಸರಿದ್ದಾರೆ, ನ್ಯಾಯಾಲಯ ಇದೆ.

ಸಮಿತಿಗೆ ಈ ಹೊಣೆ ಎಲ್ಲಿಂದ ಬಂತು?

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ರಚನೆಯಾದದ್ದು 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸು ಇದಕ್ಕೆ ಆಧಾರ. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ದೇಶದಾದ್ಯಂತ ಕಡ್ಡಾಯ ಮಾಡಿತು. ಅದರ 21ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ತಂದೆತಾಯಿಗೂ ಅವರ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು. ತೋಟದ ಲೈನ್ ಮನೆಯ ಕೂಲಿ ಕಾರ್ಮಿಕ ತಾಯಿಗೂ ಅಲ್ಲಿ ಕೂತು ಪ್ರಶ್ನೆ ಕೇಳುವ ಹಕ್ಕಿದೆ ಎಂದಾಯಿತು.

ಈ ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ಹೊರಡಿಸಿದ ನಿಯಮಗಳು ಇನ್ನೂ ಸ್ಪಷ್ಟ. ಮಕ್ಕಳ ಹಕ್ಕಿಗೆ ಚ್ಯುತಿ ಬಂದರೆ, ಅದರಲ್ಲೂ ದೈಹಿಕ ಅಥವಾ ಮಾನಸಿಕ ಹಿಂಸೆ ನಡೆದರೆ, ಅದನ್ನು ಸರ್ಕಾರದ ಅಥವಾ ಸ್ಥಳೀಯ ಪ್ರಾಧಿಕಾರದ ಗಮನಕ್ಕೆ ತರುವುದನ್ನು ಸಮಿತಿಯ ಕೆಲಸಗಳಲ್ಲಿ ಒಂದಾಗಿ ಅವು ಎಣಿಸಿವೆ.

ಇಂಗ್ಲೆಂಡಿನಲ್ಲೂ 2002ರ ಶಿಕ್ಷಣ ಕಾಯ್ದೆಯ 175ನೇ ಸೆಕ್ಷನ್ ಶಾಲಾ ಆಡಳಿತ ಮಂಡಳಿಗಳಿಗೆ ಇದೇ ಹೊಣೆ ವಹಿಸಿದೆ. ಅಲ್ಲಿ ಮಂಡಳಿಯ ಒಬ್ಬರು ಮಕ್ಕಳ ಸುರಕ್ಷತೆಯನ್ನೇ ನೋಡಿಕೊಳ್ಳುತ್ತಾರೆ. ನಮ್ಮ ಎಸ್‌ಡಿಎಂಸಿಗಳೂ ಒಬ್ಬ ಸದಸ್ಯೆಗೆ ಈ ಜವಾಬ್ದಾರಿ ವಹಿಸಿ ಠರಾವು ಮಾಡಬಹುದು. ಅದಕ್ಕೆ ಖರ್ಚಿಲ್ಲ, ಮೇಲಿನ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ.

ಈ ಸೀಮೆಯ ಮಕ್ಕಳಿಗೆ ಅಪಾಯ ಎಲ್ಲಿದೆ?

ಹಾಸನ ಜಿಲ್ಲೆಯ ಆಲೂರು ಮತ್ತು ಸಕಲೇಶಪುರದ ನಡುವೆ ಹೆದ್ದಾರಿಯ ಮೇಲಿರುವ ಬಾಳ್ಳುಪೇಟೆಗೆ ಸುತ್ತಲಿನ ತೋಟಗಳಿಂದ ಮಕ್ಕಳು ಬರುತ್ತಾರೆ. ಕೆಲವರು ಬಸ್ಸು, ಆಟೊ ಹಿಡಿದರೆ ಕೆಲವರು ನಡೆದೇ ಬರಬೇಕು. ಕಾಫಿ ತೋಟದ ನಡುವಿನ ದಾರಿಯಲ್ಲಿ ಬೆಳಗಿನ ಮಂಜಿಗೆ ಎದುರು ಬರುವವರೂ ಕಾಣುವುದಿಲ್ಲ. ಆನೆ ಓಡಾಟದ ಸುದ್ದಿ ಬಂದ ದಿನ ಮಕ್ಕಳನ್ನು ಕಳಿಸಲು ಮನೆಯವರು ಹೆದರುತ್ತಾರೆ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕೊಯ್ಲಿಗೆ ಬಂದ ಕುಟುಂಬಗಳ ಮಕ್ಕಳಲ್ಲಿ ಕೆಲವರಿಗೆ ಕನ್ನಡ ಬಾರದು. ತಂದೆತಾಯಿ ಬೆಳಿಗ್ಗೆಯೇ ತೋಟಕ್ಕೆ ಹೋದರೆ ಸಂಜೆವರೆಗೆ ಲೈನಿನಲ್ಲಿ ಮಕ್ಕಳ ಮೇಲೆ ಕಣ್ಣಿಡುವವರು ಇರುವುದಿಲ್ಲ.

ಹೀಗಾಗಿ ಸಮಿತಿಯ ನಿಗಾ ಗೇಟಿನ ಒಳಗಷ್ಟೇ ಇದ್ದರೆ ಸಾಲದು. ದೂರದ ಮಕ್ಕಳು ಗುಂಪಾಗಿ ಬರುತ್ತಾರೆಯೇ, ಆಟೊ ಓಡಿಸುವವರು ಯಾರು, ಆನೆ ಇದೆ ಎಂದು ಅರಣ್ಯ ಇಲಾಖೆ ಎಚ್ಚರಿಸಿದರೆ ಆ ಮಾತು ಪೋಷಕರಿಗೆ ಮುಟ್ಟುತ್ತದೆಯೇ ಎಂಬುದನ್ನೂ ನೋಡಬೇಕು. ಕೊಯ್ಲಿನ ದಿನಗಳಲ್ಲಿ ಮಗು ಒಂದು ವಾರ ಶಾಲೆಗೆ ಬರದಿದ್ದರೆ ಯಾರಾದರೂ ಲೈನಿಗೆ ಹೋಗಿ ವಿಚಾರಿಸಲೇಬೇಕು. ಮನೆಮಂದಿಗೆ ಬಿಡುವಿನಲ್ಲಿ ನೆರವಾಗುವುದಕ್ಕೆ ಇರುವಂಥ ಕೆಲವು ವಿನಾಯಿತಿ ಬಿಟ್ಟರೆ, 14 ತುಂಬದ ಮಗುವನ್ನು ದುಡಿಮೆಗೆ ಹಚ್ಚುವುದು ಅಪರಾಧ. ಮಗುವಿನ ಗೈರುಹಾಜರಿಯ ಹಿಂದೆ ಕೆಲವೊಮ್ಮೆ ದುಡಿಮೆ ಇರುತ್ತದೆ, ಕೆಲವೊಮ್ಮೆ ಬಾಲ್ಯವಿವಾಹದ ತಯಾರಿ, ಕೆಲವೊಮ್ಮೆ ಯಾರದೋ ಭಯ.

ಹೊಡೆದರೆ ಏನು ಕ್ರಮ?

ಹೊಡೆಯದಿದ್ದರೆ ಮಕ್ಕಳು ಕಲಿಯುವುದಿಲ್ಲ ಎಂದು ನಂಬಿದ ಪೋಷಕರು ಈಗಲೂ ಇದ್ದಾರೆ. ಕಾನೂನು ಆ ನಂಬಿಕೆಯನ್ನು ಒಪ್ಪುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ತಪ್ಪಿದವರ ಮೇಲೆ ಶಿಸ್ತುಕ್ರಮ ಆಗಬೇಕು. ಜಾತಿ ಹಿಡಿದು ಹಂಗಿಸುವುದು, ಎಲ್ಲರೆದುರು ಬಟ್ಟೆ ಬಿಚ್ಚಿಸುವುದು, ಬಿಸಿಲಲ್ಲಿ ನಿಲ್ಲಿಸುವುದು ಎಲ್ಲವೂ ಹಿಂಸೆಯೇ. ಏಟು ಜೋರಾಗಿ ಗಾಯವಾದರೆ ವಿಷಯ ಇಲಾಖೆಯಲ್ಲೇ ಮುಗಿಯುವುದಿಲ್ಲ. ಮಗುವಿನ ಹೊಣೆ ಹೊತ್ತವರೇ ಹಲ್ಲೆ ನಡೆಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಮಗು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದರೆ, ಕೃತ್ಯವನ್ನು ನೋಡಿಕೊಂಡು 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ.

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ದೃಶ್ಯ ಹೊರಬಂದಾಗ ರಾಜ್ಯವೇ ತಲೆತಗ್ಗಿಸಿತು. ಪೋಷಕರು ಆಗಾಗ ಒಳಹೊಕ್ಕು ನೋಡುವ, ಮಕ್ಕಳ ಜೊತೆ ಕೂತು ಮಾತಾಡುವ ಶಾಲೆಯಲ್ಲಿ ಇಂಥದ್ದು ಬಹಳ ದಿನ ಮುಚ್ಚಿಟ್ಟುಕೊಂಡು ಇರಲಾರದು.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮುರಿದಿದ್ದರೆ ಮೊದಲು ಮುಖ್ಯ ಶಿಕ್ಷಕರಿಗೆ, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ದೂರು ಇತ್ಯರ್ಥ ಮಾಡಬೇಕು. ತೃಪ್ತಿಯಾಗದಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಲೈಂಗಿಕ ದೌರ್ಜನ್ಯ: ತಿಳಿಸದಿರುವುದೇ ಅಪರಾಧ

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಗೆ 18 ತುಂಬದ ಹುಡುಗ, ಹುಡುಗಿ ಇಬ್ಬರೂ ಮಕ್ಕಳೇ. ಇದರ 19ನೇ ಸೆಕ್ಷನ್ ಎಸ್‌ಡಿಎಂಸಿಯ ಪ್ರತಿ ಸದಸ್ಯರಿಗೂ ಗೊತ್ತಿರಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯುವ ಸಂಭವವಿದೆ ಎಂಬ ಆತಂಕ ಉಳ್ಳವರು, ಯಾರೇ ಆಗಿರಲಿ, ಪೊಲೀಸರಿಗೆ ಮಾಹಿತಿ ಕೊಡಲೇಬೇಕು. ಕೊಡದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರು ಎಸಗಿದ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಮಾತ್ರ ಯಾವ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆಯೂ ನಿಲ್ಲದು.

ಶಾಲೆಯ ಸಿಬ್ಬಂದಿ ಅಥವಾ ಆಡಳಿತದಲ್ಲಿರುವವರೇ ಅಪರಾಧ ಎಸಗಿದರೆ ಕಾಯ್ದೆ ಅದನ್ನು ಹೆಚ್ಚು ಗಂಭೀರ ಅಪರಾಧವೆಂದು ಪರಿಗಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಆದಿವಾಸಿ ಬಾಲಕಿಯರ ಹಾಸ್ಟೆಲ್ ಪ್ರಕರಣದಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಆರೋಪ ಹೊತ್ತ ವೈದ್ಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ, ಗೊತ್ತಿದ್ದೂ ಸುಮ್ಮನಿರುವುದು ಗಂಭೀರ ಅಪರಾಧ ಎಂದು ಹೇಳಿತು.

ಮಗು ಬಾಯಿಬಿಟ್ಟಾಗ

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಐದನೇ ತರಗತಿಯ ಹುಡುಗಿ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ತಟ್ಟೆ ತೊಳೆಯುವಾಗ ಬಿಸಿಯೂಟದ ಅಡುಗೆಯವರ ಹತ್ತಿರ ಮೆಲ್ಲಗೆ ಹೇಳುತ್ತಾಳೆ: “ಅಕ್ಕಾ, ನಾನು ಆ ಸರ್ ರೂಮಿಗೆ ಹೋಗಲ್ಲ.” ಅಡುಗೆಯವರು ಎಸ್‌ಡಿಎಂಸಿ ಸದಸ್ಯೆಗೆ ವಿಷಯ ಮುಟ್ಟಿಸುತ್ತಾರೆ. ಆಮೇಲೆ?

ಮೊದಲು, ಮಗು ಹೇಳಿದಷ್ಟನ್ನು ಸಮಾಧಾನದಿಂದ ಕೇಳಿ. “ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಿ, ನಿನ್ನದೇನೂ ತಪ್ಪಿಲ್ಲ” ಅನ್ನಿ. “ಯಾರಿಗೂ ಹೇಳಲ್ಲ” ಎಂದು ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಕೆದಕಿ ಕೆದಕಿ ಕೇಳಬೇಡಿ, ನಾಲ್ಕು ಜನರೆದುರು ಮತ್ತೆ ಹೇಳಿಸಬೇಡಿ.

ಎರಡನೆಯದು, ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ, ದಿನಾಂಕ ಮತ್ತು ಸಮಯದೊಂದಿಗೆ ಬರೆದು ಸಹಿ ಹಾಕಿ. ಬಟ್ಟೆ, ಚೀಟಿ, ಮೊಬೈಲ್ ಸಂದೇಶ ಏನಿದ್ದರೂ ಹಾಗೇ ಇರಲಿ.

ಮೂರನೆಯದು, ಆರೋಪ ಹೊತ್ತವರು ಮಗುವಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಅವರನ್ನು ಕರೆಸಿ ಮುಖಾಮುಖಿ ಮಾಡಿಸುವುದು ದೊಡ್ಡ ತಪ್ಪು. ಸಾಕ್ಷ್ಯ ಅಳಿಸಲು ದಾರಿ ಮಾಡಿಕೊಟ್ಟಂತೆ ಆಗುತ್ತದೆ.

ನಾಲ್ಕನೆಯದು, ಅಂದೇ ಪೊಲೀಸರಿಗೆ ತಿಳಿಸಿ. 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಎರಡೂ ಉಚಿತ. ತಂದೆತಾಯಿಗೆ ವಿಷಯ ತಿಳಿಸಿ ಧೈರ್ಯ ಹೇಳಿ. ಮನೆಯವರ ಮೇಲೇ ಅನುಮಾನವಿದ್ದರೆ ಅವರಿಗೆ ಮೊದಲೇ ಹೇಳದೆ ಹಾಸನದ ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ.

ದೂರಿಗೆ ವಕೀಲರ ಭಾಷೆ ಬೇಡ. ಇಷ್ಟು ಸಾಕು: “ನಮ್ಮ ಶಾಲೆಯ ಐದನೇ ತರಗತಿ ವಿದ್ಯಾರ್ಥಿನಿ ಇಂದು ಮಧ್ಯಾಹ್ನ ಅಡುಗೆ ಸಿಬ್ಬಂದಿಗೆ ಹೇಳಿದ ಮಾತುಗಳು ಹೀಗಿವೆ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಈ ಮಾಹಿತಿ ಕೊಡುತ್ತಿದ್ದೇನೆ. ಪ್ರಕರಣ ದಾಖಲಿಸಿ ಪ್ರತಿ ಕೊಡಬೇಕಾಗಿ ಕೋರುತ್ತೇನೆ.”

ಠಾಣೆಯಲ್ಲಿ ನಿಮ್ಮ ಹಕ್ಕು, ಮಗುವಿನ ಹಕ್ಕು

ಬಾಳ್ಳುಪೇಟೆಯ ಸುತ್ತಮುತ್ತ ಒಂದು ತೋಟ ಸಕಲೇಶಪುರ ತಾಲ್ಲೂಕಿಗೆ, ಪಕ್ಕದ ತೋಟ ಆಲೂರಿಗೆ ಸೇರಿರಬಹುದು. “ಇದು ನಮ್ಮ ಸರಹದ್ದಲ್ಲ” ಎಂದು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ನಿರಾಕರಿಸಿದರೆ ಹಾಸನದ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆ ಮೂಲಕ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಪೋಕ್ಸೊ ಮಾಹಿತಿ ಬರೆದುಕೊಳ್ಳದ ಪೊಲೀಸರಿಗೂ 21ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ.

ಮಗು ಠಾಣೆಗೆ ಅಲೆಯಬೇಕಾಗಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ತೊಡದೆ ಬರೆದುಕೊಳ್ಳಬೇಕು. ತಂದೆತಾಯಿ ಅಥವಾ ಮಗು ನಂಬುವ ಬೇರೆ ಯಾರಾದರೂ ಪಕ್ಕದಲ್ಲಿರಬೇಕು. ಕನ್ನಡ ಬಾರದ ಮಗುವಿಗೆ ಅದರ ಭಾಷೆ ಬಲ್ಲವರನ್ನು ಕರೆಸಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯ ವೈದ್ಯಕೀಯ ತಪಾಸಣೆಯನ್ನು ವೈದ್ಯೆಯೇ ಮಾಡಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕು ಎನ್ನುತ್ತದೆ ಕಾಯ್ದೆ.

ಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯಲು ಆದಾಯದ ಮಿತಿ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ ಅಥವಾ 15100ಕ್ಕೆ ಕರೆ ಮಾಡಿ. ಪ್ರಕರಣ ನಡೆಯುತ್ತಿರುವಾಗಲೇ ಮಧ್ಯಂತರ ಪರಿಹಾರ ಕೇಳುವ ಅವಕಾಶವೂ ಇದೆ.

“ಊರಲ್ಲೇ ಮುಗಿಸಿಬಿಡೋಣ” ಎಂದರೆ?

ಮಕ್ಕಳ ಪ್ರಕರಣಗಳು ಹಳಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಶಾಲೆಯ ಹೆಸರು ಕೆಡುತ್ತದೆ, ಹುಡುಗಿಯ ಮದುವೆಗೆ ಅಡ್ಡಿಯಾಗುತ್ತದೆ, ಮೇಷ್ಟ್ರಿಗೂ ಸಂಸಾರವಿದೆ ಎಂಬ ಮಾತುಗಳು ಹೊರಡುತ್ತವೆ. ಕೂಲಿ ಮಾಡುವ ತಂದೆಯನ್ನು ಕೂರಿಸಿ ಹಣ ಕೊಟ್ಟು ಸಹಿ ಹಾಕಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ರಾಜಸ್ಥಾನದಲ್ಲಿ ವಿದ್ಯಾರ್ಥಿನಿಯ ಮೇಲೆ ದೌರ್ಜನ್ಯ ಎಸಗಿದ ಆರೋಪ ಹೊತ್ತ ಶಿಕ್ಷಕರೊಬ್ಬರು ಹುಡುಗಿಯ ತಂದೆಯೊಂದಿಗೆ ರಾಜಿ ಮಾಡಿಕೊಂಡರು; ಹೈಕೋರ್ಟ್ ಕೇಸು ರದ್ದು ಮಾಡಿತು. ಆ ಮನೆಗೆ ಸಂಬಂಧವಿಲ್ಲದ ಊರಿನವರೇ ಸುಪ್ರೀಂ ಕೋರ್ಟಿಗೆ ಹೋದರು. ರಾಮಜಿ ಲಾಲ್ ಬೈರ್ವಾ ಪ್ರಕರಣವೆಂದು ಹೆಸರಾದ ಅದರಲ್ಲಿ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಇಂಥ ಅಪರಾಧ ಸಮಾಜದ ವಿರುದ್ಧವೇ ನಡೆದದ್ದು, ರಾಜಿಯ ಆಧಾರದ ಮೇಲೆ ಕೈಬಿಡುವಂತಿಲ್ಲ ಎಂದು ತೀರ್ಪು ಕೊಟ್ಟು ಕೇಸಿಗೆ ಮತ್ತೆ ಜೀವ ಕೊಟ್ಟಿತು. ಮಗುವಿನ ಪರ ನಿಲ್ಲಲು ರಕ್ತಸಂಬಂಧವೇ ಬೇಕಾಗಿಲ್ಲ ಎಂಬುದಕ್ಕೆ ಆ ಹಳ್ಳಿಯವರು ಸಾಕ್ಷಿ.

ಕೆಲವು ಪ್ರಶ್ನೆಗಳು

ದೂರು ಸುಳ್ಳಾದರೆ ನಮಗೆ ತೊಂದರೆಯೇ? ಹಗೆ ಸಾಧಿಸಲು, ಹಣ ಕೀಳಲು ಬೇಕೆಂದೇ ಸುಳ್ಳು ಹೇಳಿದವರಿಗೆ ಮಾತ್ರ ಶಿಕ್ಷೆ. ಮಗುವಿನ ಮಾತು ನಂಬಿ ತಿಳಿಸಿದವರಿಗಿಲ್ಲ, ಮಗುವಿಗಂತೂ ಇಲ್ಲವೇ ಇಲ್ಲ.

ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿ ಎಚ್ಚರಿಸಬಹುದೇ? ಬೇಡ. ಮಗುವಿನ ಹೆಸರು, ಫೋಟೊ, ಮನೆ, ಶಾಲೆ, ಗುರುತು ಹಿಡಿಯಬಹುದಾದ ಯಾವುದನ್ನು ಹೊರಗೆಡಹಿದರೂ ಅಪರಾಧ.

ಖಾಸಗಿ ಶಾಲೆಗೆ ಇದೆಲ್ಲ ಅನ್ವಯಿಸುತ್ತದೆಯೇ? ಅನುದಾನರಹಿತ ಶಾಲೆಗೆ ಎಸ್‌ಡಿಎಂಸಿ ಕಡ್ಡಾಯವಿಲ್ಲ. ಆದರೆ ಪೋಕ್ಸೊ ಎಲ್ಲ ಶಾಲೆಗಳಿಗೂ ಒಂದೇ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂಬ ಸುದ್ದಿ ಬಂದಾಗ ಸಾವಿರಾರು ಪೋಷಕರು ಬೀದಿಗಿಳಿದಿದ್ದರು. ಮಕ್ಕಳ ಜೊತೆ ನಿತ್ಯ ಒಡನಾಡುವ ಎಲ್ಲ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಶಾಲಾ ವಾಹನದ ಚಾಲಕರ ಪರಿಶೀಲನೆ ಆಗಿದೆಯೇ ಎಂದು ಪೋಷಕರು ಕೇಳಬೇಕು.

ಮುಂದಿನ ಸಭೆಯಲ್ಲೇ ಮಾಡಬಹುದಾದದ್ದು

ಮುಂದಿನ ಸಭೆಯ ನಡಾವಳಿಯಲ್ಲಿ ಮಕ್ಕಳ ಸುರಕ್ಷತೆಯೇ ಮೊದಲ ವಿಷಯವಾಗಲಿ. ಸುರಕ್ಷತೆ ನೋಡಿಕೊಳ್ಳುವ ಸದಸ್ಯೆಯನ್ನು ಆರಿಸಿ. 1098 ಮತ್ತು 112ನ್ನು ಮಕ್ಕಳ ಕಣ್ಣೆತ್ತರದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ದೂರು ಪೆಟ್ಟಿಗೆ ಇಟ್ಟು, ಅದರ ಕೀಲಿ ಒಬ್ಬರ ಕೈಯಲ್ಲೇ ಉಳಿಯದಂತೆ, ವಾರಕ್ಕೊಮ್ಮೆ ಇಬ್ಬರ ಎದುರು ತೆರೆದು ಪುಸ್ತಕದಲ್ಲಿ ದಾಖಲಿಸಿ. ಶೌಚಾಲಯದ ಬಾಗಿಲ ಚಿಲಕ ಒಳಗಿನಿಂದ ಬೀಳುತ್ತದೆಯೇ ಎಂದು ಕೈಯಾರೆ ಹಾಕಿ ನೋಡಿ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಲೈನ್ ಮನೆಯ ಮಕ್ಕಳೂ ಎದ್ದು ಮಾತಾಡುವಂತೆ ಅವರನ್ನು ಕರೆದೊಯ್ಯಿರಿ. ಈ ಠರಾವುಗಳಿಗೆ ಎಲ್ಲ ಸದಸ್ಯರ ಸಹಿ ಪಡೆದು ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಇನ್ನೊಂದನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮರು ತಿಂಗಳ ಸಭೆಯಲ್ಲಿ ಯಾವುದು ಆಯಿತು, ಯಾವುದು ಆಗಿಲ್ಲ ಎಂದು ಹೆಸರು ಹಿಡಿದು ಕೇಳಿ.